ಎಡ್ವರ್ಡ್ ಲಾಸ್ಕರ್

ಎಡ್ವರ್ಡ್ ಲಾಸ್ಕರ್ (ಡಿಸೆಂಬರ್ 3, 1885 – ಮಾರ್ಚ್ 25, 1981) ಜರ್ಮನಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಚೆಸ್ ಮತ್ತು ಗೋ ಆಟಗಾರ, ಎಂಜಿನಿಯರ್ ಹಾಗೂ ಲೇಖಕ. 1912ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಥಾಮಸ್ ಅವರ ವಿರುದ್ಧ ರಾಣಿಯನ್ನು ಬಲಿಕೊಟ್ಟು ಗೆದ್ದ ಆಟದಿಂದ ಚೆಸ್ ಲೋಕದಲ್ಲಿ ಅವರ ಹೆಸರು ಉಳಿದಿದೆ. ಪಾಶ್ಚಾತ್ಯ ದೇಶಗಳಲ್ಲಿ ಗೋ ಆಟವನ್ನು ಪರಿಚಯಿಸಿದವರಲ್ಲಿಯೂ ಅವರು ಪ್ರಮುಖರು. ವೈದ್ಯಕೀಯ ಇತಿಹಾಸದಲ್ಲಿ ಅವರ ಹೆಸರು ಬರುವುದು ಬೇರೆಯೇ ಕಾರಣಕ್ಕೆ. ಮಗು ಹಾಲು ಹೀರುವ ಕ್ರಿಯೆಯನ್ನು ಅನುಕರಿಸುವ ಯಾಂತ್ರಿಕ ಎದೆಹಾಲು ಪಂಪ್ ಒಂದನ್ನು ಅವರು 1921 ಮತ್ತು 1923ರ ನಡುವೆ ರೂಪಿಸಿದರು. ತಾಯಿಯ ಎದೆಯಿಂದ ನೇರವಾಗಿ ಹಾಲು ಕುಡಿಯಲಾರದ ಅವಧಿಪೂರ್ವ ಶಿಶುಗಳಿಗೆ ಎದೆಹಾಲು ಒದಗಿಸುವಲ್ಲಿ ಆ ಯಂತ್ರವು ನೆರವಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಲಾಸ್ಕರ್ ಅವರು ಆಗಿನ ಜರ್ಮನ್ ಸಾಮ್ರಾಜ್ಯದ ಪೋಸೆನ್ ಪ್ರಾಂತ್ಯಕ್ಕೆ ಸೇರಿದ್ದ ಕೆಂಪೆನ್ ಎಂಬ ಪಟ್ಟಣದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಈ ಊರು ಇಂದು ಕೆಂಪ್ನೊ ಎಂಬ ಹೆಸರಿನಿಂದ ಪೋಲೆಂಡ್ ದೇಶದಲ್ಲಿದೆ. ಬ್ರೆಸ್ಲಾವ್ ನಗರದಲ್ಲಿಯೂ ಅನಂತರ ಬರ್ಲಿನ್ನಿನ ಶಾರ್ಲೊಟೆನ್‌ಬುರ್ಗ್‌ನಲ್ಲಿಯೂ ವ್ಯಾಸಂಗ ಮಾಡಿ, ಯಂತ್ರ ಹಾಗೂ ವಿದ್ಯುತ್ ಎಂಜಿನಿಯರಿಂಗ್ ವಿಷಯಗಳಲ್ಲಿ ಶಿಕ್ಷಣ ಪಡೆದರು.

1894ರಿಂದ 1921ರವರೆಗೆ ವಿಶ್ವ ಚೆಸ್ ಚಾಂಪಿಯನ್ ಆಗಿದ್ದ ಇಮ್ಯಾನುಯೆಲ್ ಲಾಸ್ಕರ್ ಅವರೊಂದಿಗೆ ಎಡ್ವರ್ಡ್ ಲಾಸ್ಕರ್ ಅವರಿಗೆ ಗಾಢವಾದ ಸ್ನೇಹವಿತ್ತು. ಒಂದೇ ಉಪನಾಮವಿದ್ದುದರಿಂದ ಇಬ್ಬರನ್ನೂ ಒಬ್ಬರೆಂದೋ ಹತ್ತಿರದ ಬಂಧುಗಳೆಂದೋ ತಪ್ಪಾಗಿ ತಿಳಿಯುವುದುಂಟು. ಅವರಿಬ್ಬರ ನಡುವೆ ಇದ್ದುದು ಬಹಳ ದೂರದ ಸಂಬಂಧವೆಂದು ವಂಶಾವಳಿಯೊಂದರ ಆಧಾರದಿಂದ ಎಡ್ವರ್ಡ್ ಅವರು ಮುಂದೆ ಬರೆದಿದ್ದಾರೆ. ವಿದ್ಯಾರ್ಥಿಯಾಗಿದ್ದಾಗಲೇ ಅವರು ಬರ್ಲಿನ್ನಿನ ಚೆಸ್ ವಲಯದಲ್ಲಿ ಪರಿಚಿತರಾಗಿದ್ದರು. 1911ರಲ್ಲಿ ಚೆಸ್ ತಂತ್ರವನ್ನು ಕುರಿತ ಅವರ ಪುಸ್ತಕವು ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಲಂಡನ್ ವಾಸ

ಬರ್ಲಿನ್ನಿನಲ್ಲಿ ಲಾಸ್ಕರ್ ಅವರು ಎಇಜಿ ಎಂಬ ವಿದ್ಯುತ್ ಉಪಕರಣಗಳ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿ ಸೇರಿದರು. ಆ ವೇಳೆಗಾಗಲೇ ಅವರಿಗೆ ಗೋ ಆಟದ ಗೀಳು ಹಿಡಿದಿತ್ತು. ಆ ಆಟವನ್ನು ಅದರ ತವರಿನಲ್ಲಿಯೇ ಕಲಿಯಬೇಕೆಂಬ ಆಸೆಯಿಂದ, ಸಂಸ್ಥೆಯ ಟೋಕಿಯೊ ಕಚೇರಿಗೆ ವರ್ಗವಾಗಿ ಹೋಗಲು ಅವರು ಬಯಸಿದ್ದರು. ಅಲ್ಲಿಗೆ ಹೋಗಲು ಇಂಗ್ಲಿಷ್ ಭಾಷೆ ಬರಬೇಕಾಗಿದ್ದುದರಿಂದ 1912ರಲ್ಲಿ ಲಂಡನ್ನಿಗೆ ತೆರಳಿದರು. ಟೋಕಿಯೊ ಪ್ರಯಾಣವು ಮುಂದೆ ಕೈಗೂಡಲಿಲ್ಲ.

1912ರ ಅಕ್ಟೋಬರ್ 29ರಂದು ಸಿಟಿ ಆಫ್ ಲಂಡನ್ ಚೆಸ್ ಕ್ಲಬ್‌ನಲ್ಲಿ ಅವರು ಜಾರ್ಜ್ ಅಲನ್ ಥಾಮಸ್ ಅವರೊಂದಿಗೆ ಆಡಿದ ಆಟವು ಚೆಸ್ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಹನ್ನೊಂದನೆಯ ನಡೆಯಲ್ಲಿ ಲಾಸ್ಕರ್ ತಮ್ಮ ರಾಣಿಯನ್ನು ಬಲಿಕೊಟ್ಟರು. ಅಲ್ಲಿಂದ ಮುಂದಕ್ಕೆ ಸತತವಾಗಿ ಶಾ ಕೊಡುತ್ತ, ಎದುರಾಳಿಯ ರಾಜನನ್ನು ಅವನ ಮನೆಯಿಂದ ಎಳೆದು, ಹಲಗೆಯನ್ನು ದಾಟಿಸಿ, ತಮ್ಮದೇ ಮೊದಲ ಸಾಲಿಗೆ ತಂದು ಹದಿನೆಂಟನೆಯ ನಡೆಯಲ್ಲಿ ಮಾತ್ ಮಾಡಿದರು. ಕೊನೆಯ ಮಾತ್ ಆದದ್ದು ಲಾಸ್ಕರ್ ತಮ್ಮ ರಾಜನನ್ನು ಒಂದು ಮನೆ ಸರಿಸಿದಾಗ. ಸೋತ ಥಾಮಸ್ ಅವರು ಬ್ಯಾಡ್ಮಿಂಟನ್ ಆಟದಲ್ಲಿಯೂ ಹೆಸರಾದವರು. ಪುರುಷರ ತಂಡಗಳಿಗಾಗಿ ನಡೆಯುವ, 2022ರಲ್ಲಿ ಭಾರತವು ಗೆದ್ದ ಥಾಮಸ್ ಕಪ್ ಅವರ ಹೆಸರಿನದೇ ಆಗಿದೆ.

ಅಮೆರಿಕಕ್ಕೆ ವಲಸೆ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಲಾಸ್ಕರ್ ಅವರು ಇಂಗ್ಲೆಂಡಿನಲ್ಲಿ ಶತ್ರುದೇಶದ ಪ್ರಜೆಯಾದರು. ಚೆಸ್ ವಲಯದ ಪರಿಚಯಗಳ ನೆರವಿನಿಂದ ಅವರಿಗೆ ದೇಶ ಬಿಟ್ಟು ಹೋಗಲು ಅನುಮತಿ ದೊರೆಯಿತು. ಅಮೆರಿಕಕ್ಕೆ ತೆರಳಿದ ಅವರು ಷಿಕಾಗೊ ನಗರದ ಸಿಯರ್ಸ್ ರೋಬಕ್ ವ್ಯಾಪಾರ ಸಂಸ್ಥೆಯಲ್ಲಿ ಸುರಕ್ಷತಾ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದರು. ಅಮೆರಿಕವೂ ಯುದ್ಧಕ್ಕೆ ಇಳಿದಾಗ ಜರ್ಮನ್ ಮೂಲದವರಾದ ಅವರಿಗೆ ಸೈನ್ಯಸೇವೆಯಿಂದ ವಿನಾಯಿತಿ ಕೇಳುವ ಹಕ್ಕಿತ್ತು. ಅವರು ಅದನ್ನು ಬಿಟ್ಟುಕೊಟ್ಟರು. ಆದರೆ ಸೇವೆಗೆ ಕರೆ ಬರುವ ಮೊದಲೇ ಯುದ್ಧ ಮುಗಿಯಿತು.

ಎದೆಹಾಲು ಪಂಪ್‌ನ ರಚನೆ

ಹಿನ್ನೆಲೆ

ಎದೆಯಿಂದ ಹಾಲು ತೆಗೆಯುವ ಸಾಧನಗಳು ಲಾಸ್ಕರ್ ಅವರಿಗಿಂತ ಬಹಳ ಹಿಂದಿನಿಂದಲೂ ಬಳಕೆಯಲ್ಲಿದ್ದವು. ಅಮೆರಿಕದಲ್ಲಿ 1854ರ ಜೂನ್ 20ರಂದು ಒ. ಎಚ್. ನೀಡಮ್ ಎಂಬವರಿಗೆ ಇಂತಹ ಪಂಪ್‌ಗಾಗಿ 11,135ನೆಯ ಸಂಖ್ಯೆಯ ಪೇಟೆಂಟ್ ದೊರೆತಿತ್ತು. ಹಾಲು ಕಟ್ಟಿಕೊಂಡು ನೋವಾದಾಗ ಅಥವಾ ತೊಟ್ಟು ಒಳಸೇರಿ ಮಗುವಿಗೆ ಹಿಡಿಯಲು ಸಿಗದಿದ್ದಾಗ ಇಂತಹ ಸಾಧನಗಳು ಬೇಕಾಗುತ್ತಿದ್ದವು. ಅವು ಕೈಯಿಂದ ನಡೆಯುವಂಥವು. ಹೀರುವ ಒತ್ತಡ ಒಂದೇ ಸಮನಾಗಿರುತ್ತಿರಲಿಲ್ಲ, ಎದೆಯಲ್ಲಿದ್ದ ಹಾಲು ಪೂರ್ತಿಯಾಗಿ ಬರುತ್ತಿರಲಿಲ್ಲ. ಎದೆಯಲ್ಲಿ ಹಾಲು ಉಳಿದರೆ ಹೊಸ ಹಾಲಿನ ಉತ್ಪತ್ತಿ ತಗ್ಗುತ್ತದೆ. ಆದ್ದರಿಂದ ಬಹಳ ದಿನ ಕೇವಲ ಅಂತಹ ಪಂಪ್ ಒಂದನ್ನೇ ನೆಚ್ಚಿದ ತಾಯಿಗೆ ಹಾಲು ಕ್ರಮೇಣ ಬತ್ತುವ ಸಂಭವವಿತ್ತು.

ಇದೇ ಕಾಲದಲ್ಲಿ ಅವಧಿಪೂರ್ವ ಶಿಶುಗಳ ಆರೈಕೆಯು ವೈದ್ಯಶಾಸ್ತ್ರದ ಪ್ರತ್ಯೇಕ ವಿಭಾಗವಾಗಿ ಬೆಳೆಯತೊಡಗಿತ್ತು. ಹೀರುವುದು, ನುಂಗುವುದು ಮತ್ತು ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಸಾಮರ್ಥ್ಯ ಮಗುವಿಗೆ ಬರುವುದು ಸುಮಾರು 34 ವಾರಗಳ ಗರ್ಭಾವಸ್ಥೆ ತುಂಬುವ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದ ಮಗುವನ್ನು ಎದೆಗೆ ಹಾಕಿದರೂ ಅದಕ್ಕೆ ಸಾಕಷ್ಟು ಹಾಲು ಕುಡಿಯಲಾಗುವುದಿಲ್ಲ. ಹಸುವಿನ ಹಾಲಿನಿಂದ ಮಾಡಿದ ಆಹಾರವು ಇಂತಹ ಮಕ್ಕಳ ಕರುಳಿಗೆ ಒಗ್ಗುತ್ತಿರಲಿಲ್ಲ. ತಾಯಿಹಾಲು ಇದೆ, ಅದು ಮಗುವಿನ ಹೊಟ್ಟೆ ಸೇರುವ ದಾರಿ ಮಾತ್ರ ಇಲ್ಲ ಎಂಬುದು ಆಸ್ಪತ್ರೆಗಳು ಎದುರಿಸುತ್ತಿದ್ದ ತೊಡಕಾಗಿತ್ತು.

ಆಗ ರೂಢಿಯಲ್ಲಿದ್ದ ಪರಿಹಾರವೆಂದರೆ ಹಾಲೂಡುವ ದಾದಿಯರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವುದು. ಅಂತಹ ದಾದಿಯರಲ್ಲಿ ಹೆಚ್ಚಿನವರು ಬಡವರು. ಸಂಬಳಕ್ಕಾಗಿ ಬೇರೆಯವರ ಮಗುವಿಗೆ ಹಾಲುಣಿಸಲು ಬಂದ ತಾಯಿಯ ಸ್ವಂತ ಕೂಸಿಗೆ ಹಾಲು ಕಡಿಮೆಯಾಗುವ ಅಪಾಯವಿತ್ತು. ಇದಕ್ಕೆ ಬದಲಾಗಿ, ದಾದಿಯನ್ನು ಕರೆತರದೆ ಹಾಲನ್ನು ಮಾತ್ರ ಸಂಗ್ರಹಿಸುವ ಏರ್ಪಾಟು ಬಂದಿತು. ಮೊದಲ ತಾಯಿಹಾಲಿನ ಬ್ಯಾಂಕ್ 1909ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಮರುವರ್ಷ ಬಾಸ್ಟನ್ನಿನಲ್ಲಿ ಇಂತಹುದೇ ಕೇಂದ್ರವೊಂದು ತಲೆಯೆತ್ತಿತು. ಲಾಸ್ಕರ್ ಅವರು ನೆಲೆಸಿದ್ದ ಷಿಕಾಗೊ ನಗರದಲ್ಲಿ, ಸಾರಾ ಮಾರಿಸ್ ಆಸ್ಪತ್ರೆಯಲ್ಲಿ, ವೈದ್ಯ ಜೂಲಿಯಸ್ ಹೆಸ್ ಅವರು 1922ರಲ್ಲಿ ಅವಧಿಪೂರ್ವ ಶಿಶುಗಳಿಗಾಗಿಯೇ ವಿಶೇಷ ಘಟಕವನ್ನು ತೆರೆದರು. ಹಾಲು ಸಂಗ್ರಹಿಸಲು ಒಳ್ಳೆಯ ಯಂತ್ರವೊಂದರ ಅಗತ್ಯವು ಹೀಗೆ ಕಣ್ಣೆದುರಿಗೇ ಇತ್ತು.

ಲಾಸ್ಕರ್ ಅವರ ಯಂತ್ರ

ಲಾಸ್ಕರ್ ಅವರ ಪಂಪ್‌ನ ವಿಶೇಷವೆಂದರೆ ಅದು ಹೀರುವ ಕ್ರಮ. ಹಿಂದಿನ ಸಾಧನಗಳು ಎದೆಯನ್ನು ಎಳೆದು ಹಿಡಿಯುತ್ತಿದ್ದವು. ಹಾಲು ಕುಡಿಯುವ ಮಗು ಹಾಗೆ ಮಾಡುವುದಿಲ್ಲ. ಅದು ಎಳೆಯುತ್ತದೆ, ಸಡಿಲಿಸುತ್ತದೆ, ಮತ್ತೆ ಎಳೆಯುತ್ತದೆ. ಲಾಸ್ಕರ್ ಅವರ ಯಂತ್ರವು ಈ ಲಯವನ್ನು ಅನುಕರಿಸಿತು. ಕೈಪಂಪ್‌ಗಳಿಗಿಂತ ಇದು ಬಹಳ ಉತ್ತಮವಾದುದೆಂದು ವೈದ್ಯರು ಒಪ್ಪಿದರು. ಈ ಯಂತ್ರಕ್ಕಾಗಿ 1923ರಲ್ಲಿ ಸಲ್ಲಿಸಿದ ಅರ್ಜಿಗೆ 1927ರಲ್ಲಿ 1,644,257ನೆಯ ಸಂಖ್ಯೆಯ ಅಮೆರಿಕನ್ ಪೇಟೆಂಟ್ ದೊರೆಯಿತು.

ಎಳೆತ ಮತ್ತು ಸಡಿಲಿಕೆಯ ಲಯ ಏಕೆ ಮುಖ್ಯವೆಂಬುದನ್ನು ಎದೆಹಾಲು ಸ್ರವಿಸುವ ಬಗೆಯಿಂದ ತಿಳಿಯಬಹುದು. ಮಗು ತೊಟ್ಟನ್ನು ಚೀಪಿದಾಗ ಆ ಸ್ಪರ್ಶದ ಸಂಜ್ಞೆಯು ತಾಯಿಯ ಮಿದುಳಿಗೆ ತಲುಪಿ ಎರಡು ಹಾರ್ಮೋನುಗಳು ಬಿಡುಗಡೆಯಾಗುತ್ತವೆ. ಪ್ರೊಲ್ಯಾಕ್ಟಿನ್ ಹಾಲಿನ ಉತ್ಪತ್ತಿಗೆ ಕಾರಣವಾದರೆ, ಆಕ್ಸಿಟೋಸಿನ್ ಹಾಲಿನ ಕೋಶಗಳ ಸುತ್ತಲಿನ ಸ್ನಾಯುಗಳನ್ನು ಸಂಕುಚಿಸಿ ಹಾಲು ಹರಿದುಬರುವಂತೆ ಮಾಡುತ್ತದೆ. ಆದ್ದರಿಂದ ಎದೆಹಾಲು ಬರುವುದು ಕೇವಲ ಹೀರುವ ಬಲದಿಂದಲ್ಲ. ಒತ್ತಡವನ್ನು ಮಿತಿಮೀರಿ ಹೆಚ್ಚಿಸಿದರೆ ನೋವು ಮತ್ತು ಗಾಯವಾಗುತ್ತದೆಯೇ ಹೊರತು ಹಾಲು ಹೆಚ್ಚುವುದಿಲ್ಲ. ನೋವು ಮತ್ತು ಆತಂಕಗಳು ಆಕ್ಸಿಟೋಸಿನ್ ಬಿಡುಗಡೆಗೆ ಅಡ್ಡಿಯಾಗುತ್ತವೆ.

ಈ ಆವಿಷ್ಕಾರದಿಂದ ಅನೇಕ ಅವಧಿಪೂರ್ವ ಶಿಶುಗಳ ಜೀವ ಉಳಿಯಿತು, ಲಾಸ್ಕರ್ ಅವರಿಗೂ ಒಳ್ಳೆಯ ಹಣ ಬಂದಿತು. ಚೆಸ್ ಪ್ಲೇಯರ್ ಎಂಬ ಮಾತನ್ನು ತಿರುಚಿ ಗೆಳೆಯರು ಅವರನ್ನು ಚೆಸ್ಟ್ ಪ್ಲೇಯರ್ ಎಂದು ಛೇಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಚೆಸ್ಟ್ ಎಂದರೆ ಎದೆ. ಈ ಕ್ಷೇತ್ರದಲ್ಲಿ ಲಾಸ್ಕರ್ ಅವರೊಬ್ಬರೇ ಇದ್ದರೆಂದೇನೂ ಅಲ್ಲ. ಷಿಕಾಗೊದ ಹೆಸರಾಂತ ಶಿಶುವೈದ್ಯ ಐಸಾಕ್ ಆಬ್ಟ್ ಅವರ ಹೆಸರಿನ ವಿದ್ಯುತ್ ಪಂಪ್ ಸಹ ಅದೇ ದಶಕದಲ್ಲಿ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು.

ಚೆಸ್ ಸಾಧನೆ

ಲಾಸ್ಕರ್ ಅವರು 1916, 1917, 1919, 1920 ಮತ್ತು 1921ರಲ್ಲಿ ವೆಸ್ಟರ್ನ್ ಚೆಸ್ ಅಸೋಸಿಯೇಷನ್ ಚಾಂಪಿಯನ್‌ಷಿಪ್ ಗೆದ್ದರು. ಮುಂದೆ ಯು.ಎಸ್. ಓಪನ್ ಎಂದು ಹೆಸರಾದ ಸ್ಪರ್ಧೆ ಇದೇ. ಪೇಟೆಂಟ್ ಅರ್ಜಿ ಸಲ್ಲಿಸಿದ 1923ರಲ್ಲಿಯೇ ಅಮೆರಿಕದ ಚಾಂಪಿಯನ್ ಪಟ್ಟಕ್ಕಾಗಿ ಫ್ರಾಂಕ್ ಮಾರ್ಷಲ್ ಅವರೊಂದಿಗೆ ಹದಿನೆಂಟು ಆಟಗಳ ಪಂದ್ಯವನ್ನು ಆಡಿದರು. ಮಾರ್ಷಲ್ 9½–8½ ಅಂಕಗಳಿಂದ ಗೆದ್ದು ಪಟ್ಟವನ್ನು ಉಳಿಸಿಕೊಂಡರು. ಇಷ್ಟು ನಿಕಟವಾದ ಹೋರಾಟ ನೀಡಿದ ಕಾರಣದಿಂದ ಲಾಸ್ಕರ್ ಅವರಿಗೆ 1924ರ ನ್ಯೂಯಾರ್ಕ್ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂದಿತು.

ಹನ್ನೊಂದು ಆಟಗಾರರಿದ್ದ ಆ ಪಂದ್ಯಾವಳಿಯಲ್ಲಿ ಇಮ್ಯಾನುಯೆಲ್ ಲಾಸ್ಕರ್ ಮೊದಲನೆಯವರಾಗಿಯೂ, ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಎರಡನೆಯವರಾಗಿಯೂ, ಮುಂದೆ ಚಾಂಪಿಯನ್ ಆದ ಅಲೆಖೈನ್ ಮೂರನೆಯವರಾಗಿಯೂ ಬಂದರು. ಎಡ್ವರ್ಡ್ ಅವರಿಗೆ ದೊರೆತದ್ದು ಹತ್ತನೆಯ ಸ್ಥಾನ. ಆದರೂ ಅವರ ಹೆಚ್ಚಿನ ಆಟಗಳು ಸುಲಭವಾಗಿ ಮಣಿಯದ ಹೋರಾಟಗಳಾಗಿದ್ದವು. ಇಮ್ಯಾನುಯೆಲ್ ಅವರೊಂದಿಗೆ ನೂರಕ್ಕೂ ಹೆಚ್ಚು ನಡೆಗಳವರೆಗೆ ಬೆಳೆದ ಅವರ ಒಂದು ಆಟವು ಸಮವಾಯಿತು. ಒಂದು ಆನೆ ಮತ್ತು ಒಂದು ಕಾಲಾಳನ್ನು ಒಂಟಿ ಕುದುರೆಯಿಂದ ತಡೆದು ಇಮ್ಯಾನುಯೆಲ್ ಆಟವನ್ನು ಉಳಿಸಿಕೊಂಡ ಬಗೆಯು ಅಂತ್ಯಾಟದ ಅಭ್ಯಾಸಿಗಳಿಗೆ ಇಂದಿಗೂ ಉದಾಹರಣೆಯಾಗಿದೆ. ಫಿಡೆ ಸಂಸ್ಥೆಯು ಎಡ್ವರ್ಡ್ ಲಾಸ್ಕರ್ ಅವರಿಗೆ ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದನ್ನು ನೀಡಿತು. ಎಂಜಿನಿಯರ್ ವೃತ್ತಿಯನ್ನು ಬಿಡದ ಅವರು ಚೆಸ್ ಆಟವನ್ನು ಜೀವನೋಪಾಯವಾಗಿ ಮಾಡಿಕೊಳ್ಳಲಿಲ್ಲ.

ಗೋ ಆಟದ ಪ್ರಸಾರ

ಪೂರ್ವ ಏಷ್ಯಾದಲ್ಲಿ ಶತಮಾನಗಳಿಂದ ಪ್ರಚಲಿತವಿರುವ ಗೋ ಆಟವನ್ನು ಲಾಸ್ಕರ್ ಅವರು ಬರ್ಲಿನ್ನಿನಲ್ಲಿದ್ದಾಗ ಕಲಿತರು. ಅಲ್ಲಿದ್ದ ಜಪಾನೀ ವಿದ್ಯಾರ್ಥಿಗಳಿಂದ ಅದರ ಸೂಕ್ಷ್ಮಗಳನ್ನು ಅರಿತು, ಇಮ್ಯಾನುಯೆಲ್ ಲಾಸ್ಕರ್ ಅವರಿಗೂ ಆ ಆಟದ ರುಚಿ ಹಿಡಿಸಿದರು. 1934ರಲ್ಲಿ ಪ್ರಕಟವಾದ ಅವರ ಗೋ ಅಂಡ್ ಗೋ-ಮೊಕು ಎಂಬ ಪುಸ್ತಕವು ಇಂಗ್ಲಿಷ್ ಓದುಗರಿಗೆ ಆ ಆಟದ ದಾರಿ ತೋರಿಸಿತು. 1935ರಲ್ಲಿ ಅಮೆರಿಕನ್ ಗೋ ಅಸೋಸಿಯೇಷನ್ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು.

ಕೊನೆಯ ವರ್ಷಗಳು

ಲಾಸ್ಕರ್ ಅವರು ತಮ್ಮ ಬದುಕಿನ ಉತ್ತರಾರ್ಧವನ್ನು ನ್ಯೂಯಾರ್ಕ್‌ನಲ್ಲಿ ಕಳೆದರು. 1951ರಲ್ಲಿ ಪ್ರಕಟವಾದ ಚೆಸ್ ಸೀಕ್ರೆಟ್ಸ್ ಐ ಲರ್ನ್ಡ್ ಫ್ರಮ್ ದ ಮಾಸ್ಟರ್ಸ್ ಎಂಬ ಕೃತಿಯಲ್ಲಿ ತಾವು ಕಂಡ ದೊಡ್ಡ ಆಟಗಾರರ ನೆನಪುಗಳನ್ನೂ ತಮ್ಮ ಜೀವನದ ಘಟನೆಗಳನ್ನೂ ಆಟಗಳ ವಿಶ್ಲೇಷಣೆಯೊಂದಿಗೆ ಹೆಣೆದಿದ್ದಾರೆ. 1981ರ ಮಾರ್ಚ್ 25ರಂದು, 95ನೆಯ ವಯಸ್ಸಿನಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿ ಉತ್ಪನ್ನಗಳ ಮಾರಾಟಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪುಡಿಹಾಲು, ಹಾಲಿನ ಬಾಟಲಿ ಮತ್ತು ರಬ್ಬರ್ ತೊಟ್ಟುಗಳ ಪ್ರಚಾರವನ್ನು ಆ ಸಂಹಿತೆಯು ನಿರ್ಬಂಧಿಸುತ್ತದೆ. ಎದೆಹಾಲು ಪಂಪ್‌ಗಳು ಅದರ ವ್ಯಾಪ್ತಿಗೆ ಬಂದಿಲ್ಲ.

ಪಂಪ್‌ನ ಮುಂದಿನ ಬೆಳವಣಿಗೆ

ಯಂತ್ರಗಳಿಂದ ಸಂಗ್ರಹಿಸಿದ ಹಾಲು ದೂರದ ಊರುಗಳಿಗೂ ತಲುಪಬಹುದೆಂಬುದು ಲಾಸ್ಕರ್ ಅವರ ಕಾಲದಲ್ಲಿಯೇ ಅನುಭವಕ್ಕೆ ಬಂದಿತ್ತು. 1934ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಡಿಯೋನ್ ಪಂಚಸೋದರಿಯರಿಗೆ ಷಿಕಾಗೊ ಮತ್ತು ಟೊರಾಂಟೊ ನಗರಗಳಿಂದ ದಾನದ ಎದೆಹಾಲು ಕಳುಹಿಸಲಾಯಿತು. ಐದೂ ಮಕ್ಕಳು ಶೈಶವವನ್ನು ದಾಟಿ ಬದುಕಿದರು.

ಮುಂದಿನ ಮುಖ್ಯ ಹೆಜ್ಜೆಯನ್ನಿಟ್ಟವರು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್. ಹಾಲು ತೆಗೆಯುವಾಗ ಸ್ತನದ ಒಳಗೆ ಯಾಂತ್ರಿಕವಾಗಿ ಏನಾಗುತ್ತದೆ ಎಂಬುದನ್ನು ಅವರು 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. ಹೀರುವ ಒತ್ತಡವು ಪಾದರಸದ ಮಟ್ಟದಲ್ಲಿ 200 ಮಿಲಿಮೀಟರಿಗಿಂತ ಹೆಚ್ಚಬಾರದೆಂಬ ಮಿತಿಯನ್ನು ಅವರ ಕೆಲಸವು ನೀಡಿತು. ಇದರ ಆಧಾರದಿಂದ ತಯಾರಾದ ಎಸ್‌ಎಂಬಿ ಪಂಪ್‌ಗಳು ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದವು. 1961ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓಲೆ ಲಾರ್ಸನ್ ಅವರು ಸ್ಥಾಪಿಸಿದ ಮೆಡೆಲಾ ಸಂಸ್ಥೆಯು 1990ರ ದಶಕದಲ್ಲಿ ಮನೆಯಲ್ಲಿಯೇ ಬಳಸಬಹುದಾದ, ಕೈಚೀಲದಲ್ಲಿ ಒಯ್ಯಬಹುದಾದ ವಿದ್ಯುತ್ ಪಂಪ್‌ಗಳನ್ನು ಮಾರುಕಟ್ಟೆಗೆ ತಂದಿತು. ಆಸ್ಪತ್ರೆಯ ಕೋಣೆಯಲ್ಲಿದ್ದ ಯಂತ್ರವು ಹೀಗೆ ಮನೆಗೂ ಕಚೇರಿಗೂ ಬಂದಿತು. ಅದನ್ನು ಬಳಸುವವರೂ ಬದಲಾದರು. ಹೀರಲಾರದ ಮಗುವಿನ ತಾಯಿಯ ಜೊತೆಗೆ, ಆರೋಗ್ಯವಂತ ಮಗುವನ್ನು ಮನೆಯಲ್ಲಿ ಬಿಟ್ಟು ದುಡಿಯಲು ಹೋಗಬೇಕಾದ ತಾಯಿಯೂ ಅದನ್ನು ಬಳಸತೊಡಗಿದಳು.

ಎದೆಹಾಲುಣಿಸುವ ರೂಢಿಯ ಮೇಲಿನ ಪರಿಣಾಮ

ಪಂಪ್‌ನ ಉಪಯೋಗವು ಅತ್ಯಂತ ಸ್ಪಷ್ಟವಾಗಿರುವುದು ತಾಯಿ ಮತ್ತು ಮಗು ಅನಿವಾರ್ಯವಾಗಿ ಬೇರೆಯಾದಾಗ. ಮಗು ತೀವ್ರ ನಿಗಾ ಘಟಕದಲ್ಲಿದ್ದರೆ ತಾಯಿಯು ದಿನಕ್ಕೆ ಸುಮಾರು ಎಂಟು ಬಾರಿ ಹಾಲು ತೆಗೆದು ಉತ್ಪತ್ತಿಯನ್ನು ಕಾಪಾಡಿಕೊಳ್ಳಬಹುದು. ತೆಗೆದ ಹಾಲನ್ನು ನಳಿಕೆ, ಲೋಟ ಅಥವಾ ಒಳಲೆಯ ಮೂಲಕ ಮಗುವಿಗೆ ನೀಡಲಾಗುತ್ತದೆ. ಅವಧಿಪೂರ್ವ ಶಿಶುಗಳ ಕರುಳಿನ ಭಾಗಗಳು ಕೊಳೆಯುವ ಗಂಭೀರ ಕಾಯಿಲೆಯ ಸಂಭವವನ್ನು ಎದೆಹಾಲು ತಗ್ಗಿಸುತ್ತದೆ. ಮಗು ಬಲಿತ ಮೇಲೆ ನೇರವಾಗಿ ಎದೆಗೆ ಬರುವವರೆಗೆ ಹಾಲು ಬತ್ತದಂತೆ ನೋಡಿಕೊಳ್ಳುವುದಕ್ಕೂ ಪಂಪ್ ನೆರವಾಗುತ್ತದೆ.

ದುಡಿಯುವ ತಾಯಂದಿರ ವಿಷಯದಲ್ಲಿ ಪರಿಣಾಮವು ಅಷ್ಟು ಸರಳವಾಗಿಲ್ಲ. ಅಮೆರಿಕದಲ್ಲಿ ಸಂಬಳಸಹಿತ ಹೆರಿಗೆ ರಜೆಯನ್ನು ಎಲ್ಲರಿಗೂ ಖಾತರಿಪಡಿಸುವ ರಾಷ್ಟ್ರಮಟ್ಟದ ಕಾನೂನಿಲ್ಲ. 1993ರ ಕಾನೂನು ಅರ್ಹ ನೌಕರರಿಗೆ 12 ವಾರಗಳ ಸಂಬಳರಹಿತ ರಜೆಯನ್ನು ಮಾತ್ರ ನೀಡುತ್ತದೆ. 2010ರ ಆರೋಗ್ಯ ವಿಮಾ ಸುಧಾರಣೆಯ ಕಾನೂನು ಕೆಲಸದ ವೇಳೆಯಲ್ಲಿ ಹಾಲು ತೆಗೆಯಲು ಬಿಡುವು ಮತ್ತು ಸ್ಥಳ ಒದಗಿಸಬೇಕೆಂದು ವಿಧಿಸಿತು. ಪಂಪ್‌ನ ವೆಚ್ಚವೂ ವಿಮೆಯ ವ್ಯಾಪ್ತಿಗೆ ಬಂದಿತು. ತಾಯಿಗೆ ಮಗುವಿನೊಂದಿಗೆ ಇರಲು ಸಮಯ ಸಿಗದ ಕಡೆ ಪಂಪ್ ಸಿಕ್ಕಿತು. ಇದರಿಂದ ಅನೇಕರು ಕೆಲಸಕ್ಕೆ ಮರಳಿದ ಮೇಲೂ ತಮ್ಮದೇ ಹಾಲನ್ನು ಮಗುವಿಗೆ ಕೊಡಲು ಸಾಧ್ಯವಾದದ್ದು ನಿಜ. ಹಾಲು ತೆಗೆಯುವುದು, ಉಪಕರಣ ತೊಳೆಯುವುದು, ಹಾಲನ್ನು ತಣ್ಣಗೆ ಕಾಪಾಡುವುದು ಇವೆಲ್ಲ ತಾಯಿಯ ದಿನಚರಿಗೆ ಸೇರಿದ ಹೊಸ ದುಡಿಮೆಯಾದದ್ದೂ ಅಷ್ಟೇ ನಿಜ.

ಎದೆಯಿಂದ ನೇರವಾಗಿ ಕುಡಿಯುವುದಕ್ಕೂ ತೆಗೆದ ಹಾಲನ್ನು ಕುಡಿಯುವುದಕ್ಕೂ ಕೆಲವು ವ್ಯತ್ಯಾಸಗಳಿವೆ. ಎದೆಯಲ್ಲಿ ಕುಡಿಯುವ ಮಗು ತನಗೆ ಬೇಕಾದಷ್ಟನ್ನು ತಾನೇ ನಿರ್ಧರಿಸುತ್ತದೆ. ಬಾಟಲಿಯಲ್ಲಿ ಕುಡಿಸುವಾಗ ಆ ನಿರ್ಧಾರವು ಕುಡಿಸುವವರ ಕೈಗೆ ಹೋಗುತ್ತದೆ. ಬಾಟಲಿಯ ರೂಢಿಯಾದ ಕೆಲವು ಮಕ್ಕಳು ಎದೆಯನ್ನು ನಿರಾಕರಿಸುವುದೂ ಉಂಟು. ಪಂಪ್‌ನಲ್ಲಿ ಬಂದ ಹಾಲಿನ ಅಳತೆಯನ್ನು ನೋಡಿ ತನಗೆ ಹಾಲು ಸಾಲದೆಂದು ತಾಯಿ ಅಂಜುವುದೂ ಸಾಮಾನ್ಯವಾಗಿದೆ. ಪಂಪ್ ತೆಗೆದ ಪ್ರಮಾಣವು ಮಗು ಕುಡಿಯಬಲ್ಲ ಪ್ರಮಾಣದ ಸರಿಯಾದ ಅಳತೆಯಲ್ಲ. ಮಗುವಿನ ತೂಕ ಏರುವುದು ಮತ್ತು ದಿನಕ್ಕೆ ಎಷ್ಟು ಬಾರಿ ಮೂತ್ರ ಮಾಡುತ್ತದೆ ಎಂಬುದು ಹೆಚ್ಚು ನಂಬಬಹುದಾದ ಸೂಚನೆಗಳು.

ಯಂತ್ರವಿಲ್ಲದೆಯೂ ಹಾಲು ತೆಗೆಯಬಹುದು. ವಿವಿಧ ವಿಧಾನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ಕೋಕ್ರೇನ್ ವಿಮರ್ಶೆಯು, ಯಾವ ವಿಧಾನ ಸೂಕ್ತವೆಂಬುದು ಹೆರಿಗೆಯಾಗಿ ಎಷ್ಟು ದಿನವಾಗಿದೆ, ಉದ್ದೇಶವೇನು ಎಂಬುದನ್ನು ಅವಲಂಬಿಸುತ್ತದೆಂದು ತಿಳಿಸಿತು. ಕೈಯಿಂದ ತೆಗೆಯುವುದು, ಎದೆಯನ್ನು ಬೆಚ್ಚಗಾಗಿಸುವುದು, ನೀವುವುದು, ಮನಸ್ಸನ್ನು ಶಾಂತವಾಗಿರಿಸುವುದು ಮುಂತಾದ ಕಡಿಮೆ ವೆಚ್ಚದ ಕ್ರಮಗಳು ದುಬಾರಿ ವಿದ್ಯುತ್ ಪಂಪ್‌ಗಳಷ್ಟೇ ಅಥವಾ ಅವುಗಳಿಗಿಂತ ಹೆಚ್ಚು ಫಲ ಕೊಡಬಹುದೆಂದೂ ಅದರಿಂದ ತಿಳಿದುಬಂದಿತು. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಮಂದವಾದ ಹಾಲು ಪ್ರಮಾಣದಲ್ಲಿ ಬಹಳ ಕಡಿಮೆ. ಪಂಪ್‌ನ ನಳಿಕೆಗೆ ಅಂಟಿ ಪೋಲಾಗುವ ಅದನ್ನು ಕೈಯಿಂದ ತೆಗೆದು ಚಮಚದಲ್ಲಿ ಹಿಡಿಯುವುದು ಸುಲಭ.

ತೆಗೆದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯ ಉಷ್ಣತೆಯಲ್ಲಿ ಸುಮಾರು 4 ಗಂಟೆ, ಫ್ರಿಜ್‌ನಲ್ಲಿ ಸುಮಾರು 4 ದಿನ ಇಡಬಹುದು. ಪಂಪ್‌ನ ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ ಸಾಬೂನಿನಿಂದ ತೊಳೆದು ಒಣಗಿಸದಿದ್ದರೆ ಹಾಲಿನಲ್ಲಿ ರೋಗಾಣುಗಳು ಬೆಳೆಯುತ್ತವೆ.

ಭಾರತ ಮತ್ತು ಕರ್ನಾಟಕದಲ್ಲಿ

ಲಾಸ್ಕರ್ ಅವರ ಕಾಲದ ಷಿಕಾಗೊದಲ್ಲಿದ್ದ ಸಮಸ್ಯೆ ಭಾರತದ ಆಸ್ಪತ್ರೆಗಳಲ್ಲಿಯೂ ಇದೆ. 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ವೈದ್ಯೆ ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಮೃತಧಾರೆ ಎಂಬ ಹೆಸರಿನ ತಾಯಿಹಾಲಿನ ಬ್ಯಾಂಕ್ ಆರಂಭವಾಯಿತು. ಇಂತಹ ಬ್ಯಾಂಕ್‌ಗಳಲ್ಲಿ ದಾನಿಯ ರಕ್ತಪರೀಕ್ಷೆ ನಡೆಸಿ, ಪಂಪ್‌ನಿಂದ ಅಥವಾ ಕೈಯಿಂದ ಹಾಲು ಸಂಗ್ರಹಿಸಿ, ಅದನ್ನು 62.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಘನೀಕರಿಸಿ ಇಡಲಾಗುತ್ತದೆ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ಶೇ. 63.7ರಷ್ಟು ಮಕ್ಕಳು ಕೇವಲ ಎದೆಹಾಲು ಕುಡಿಯುತ್ತಿದ್ದರು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ದೊರೆತದ್ದು ಶೇ. 41.8ರಷ್ಟು ಮಕ್ಕಳಿಗೆ. 1992ರ ಕಾಯ್ದೆಯು ಪುಡಿಹಾಲು, ಹಾಲಿನ ಬಾಟಲಿ ಮತ್ತು ಶಿಶು ಆಹಾರಗಳ ಜಾಹೀರಾತನ್ನು ನಿಷೇಧಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12ರಿಂದ 26 ವಾರಗಳಿಗೆ ಹೆಚ್ಚಿಸಲಾಯಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಅದು ವಿಧಿಸಿತು. ಆರು ತಿಂಗಳು ಕೇವಲ ಎದೆಹಾಲು ಎಂಬ ವೈದ್ಯಕೀಯ ಸಲಹೆಗೆ 26 ವಾರಗಳ ರಜೆಯು ಸರಿಹೊಂದುತ್ತದೆ.

ಈ ರಜೆಯ ಪ್ರಯೋಜನವು ಸಂಘಟಿತ ವಲಯದ ನೌಕರರಿಗೆ ಸೀಮಿತವಾಗಿದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂತಹ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಹತ್ತಿಯ ಹೊಲಗಳಲ್ಲಿ ದಿನಗೂಲಿಗೆ ದುಡಿಯುವ ಬಾಣಂತಿಗೆ ರಜೆ ಕೊಡುವ ಮಾಲೀಕರಿಲ್ಲ. ಅಂತಹ ತಾಯಿಗೆ ವಿದ್ಯುತ್ ಪಂಪ್‌ನ ಬೆಲೆ ಹೊರೆ. ತೆಗೆದ ಹಾಲನ್ನು ಬೇಸಿಗೆಯಲ್ಲಿ ಕೆಡದಂತೆ ಇಡಲು ಫ್ರಿಜ್ ಬೇಕು, ನಿರಂತರ ವಿದ್ಯುತ್ ಬೇಕು. ಇಲ್ಲಿ ಹೆಚ್ಚು ನೆರವಾಗುವಂಥವು ಬೇರೆ. ಬಾಣಂತನಕ್ಕೆ ತವರಿನಲ್ಲಿ ದೊರೆಯುವ ವಿಶ್ರಾಂತಿ, ಮನೆಭೇಟಿಯಲ್ಲಿ ಆಶಾ ಕಾರ್ಯಕರ್ತೆ ಹೇಳಿಕೊಡುವ ಕೈಯಿಂದ ಹಾಲು ತೆಗೆಯುವ ಕ್ರಮ, ತೆಗೆದ ಹಾಲನ್ನು ಕುಡಿಸಲು ಕುದಿಯುವ ನೀರಿನಲ್ಲಿ ತೊಳೆದ ಬಟ್ಟಲು ಮತ್ತು ಒಳಲೆ ಇವು ಮುಖ್ಯ. ಒಳಲೆಯನ್ನು ತೊಳೆಯುವುದು ಬಾಟಲಿಯನ್ನು ತೊಳೆಯುವುದಕ್ಕಿಂತ ಸುಲಭ, ಸೋಂಕಿನ ಭಯವೂ ಕಡಿಮೆ. ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ ಧನಸಹಾಯ ಹಾಗೂ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2023ರ ನಂತರ ಆರಂಭವಾದ ಕೂಸಿನ ಮನೆ ಶಿಶುಪಾಲನಾ ಕೇಂದ್ರಗಳು ಅಸಂಘಟಿತ ವಲಯದ ತಾಯಂದಿರನ್ನು ಗಮನದಲ್ಲಿರಿಸಿಕೊಂಡ ಕ್ರಮಗಳಾಗಿವೆ.

ಪಂಪ್ ನಿಜವಾಗಿ ಬೇಕಾಗುವ ಸಂದರ್ಭವು ಈ ತಾಲ್ಲೂಕುಗಳಲ್ಲಿಯೂ ಇದೆ. ತೂಕ ಬಹಳ ಕಡಿಮೆಯಿರುವ ಅಥವಾ ಅವಧಿಗೆ ಮೊದಲೇ ಹುಟ್ಟಿದ ಮಗುವನ್ನು ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ವಿಶೇಷ ಆರೈಕಾ ಘಟಕಕ್ಕೋ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೋ ಕಳುಹಿಸಿದಾಗ, ಶಸ್ತ್ರಚಿಕಿತ್ಸೆಯ ಹೆರಿಗೆಯಾದ ತಾಯಿ ಕೆಲವು ದಿನ ಹಿಂದೆ ಉಳಿಯಬೇಕಾಗಬಹುದು. ಆ ದಿನಗಳಲ್ಲಿ ಹಾಲು ತೆಗೆಯದೆ ಬಿಟ್ಟರೆ ಎದೆ ಕಟ್ಟಿಕೊಂಡು ಉತ್ಪತ್ತಿ ತಗ್ಗುತ್ತದೆ. ಲಾಸ್ಕರ್ ಅವರ ಯಂತ್ರವು ಮೊದಲು ಉದ್ದೇಶಿಸಿದ್ದುದು ಇಂತಹ ಮಗುವನ್ನೇ. ತಾಯಿಗೆ ಹೆರಿಗೆಯಾದ ಮೊದಲ ಗಂಟೆಗಳಿಂದಲೇ ಕೈಯಿಂದಲೋ ಪಂಪ್‌ನಿಂದಲೋ ಹಾಲು ತೆಗೆಯಲು ದಾದಿಯರು ನೆರವಾದರೆ, ಮಗು ಚೇತರಿಸಿಕೊಂಡು ಮರಳಿದಾಗ ಅದಕ್ಕೆ ಎದೆಹಾಲು ಉಳಿದಿರುತ್ತದೆ.

ಪ್ರಮುಖ ಕೃತಿಗಳು

- ಚೆಸ್ ಸ್ಟ್ರಾಟೆಜಿ (ಜರ್ಮನ್ 1911, ಇಂಗ್ಲಿಷ್ ಅನುವಾದ 1915)
- ಚೆಸ್ ಅಂಡ್ ಚೆಕರ್ಸ್ (1918)
- ಗೋ ಅಂಡ್ ಗೋ-ಮೊಕು (1934)
- ಚೆಸ್ ಫಾರ್ ಫನ್ ಅಂಡ್ ಚೆಸ್ ಫಾರ್ ಬ್ಲಡ್ (1942)
- ಮಾಡರ್ನ್ ಚೆಸ್ ಸ್ಟ್ರಾಟೆಜಿ (1945)
- ಚೆಸ್ ಸೀಕ್ರೆಟ್ಸ್ ಐ ಲರ್ನ್ಡ್ ಫ್ರಮ್ ದ ಮಾಸ್ಟರ್ಸ್ (1951)